ಹಳೆಯ ಟ್ರಕ್ಕಿನ ಆಲ್ಟರ್ನೇಟರ್ ತಂತಿಯಲ್ಲಿ ಶಾರ್ಟ್ ಸರ್ಕ್ಯೂಟ್: ಪತ್ತೆ ಮಾಡುವ ಕ್ರಮ, ತಡೆಯುವ ದಾರಿ

ಎಂಜಿನ್ ಆರಿಸಿ, ಕೀಲಿ ತೆಗೆದು, ಬಾಗಿಲು ಹಾಕಿಕೊಂಡು ಹೋದ ಮೇಲೂ ಹಳೆಯ ಟ್ರಕ್ಕಿನ ಒಂದು ದಪ್ಪ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರಿನ ಬಿ+ ಟರ್ಮಿನಲ್ಲಿನಿಂದ, ಅಂದರೆ ಅದರ ಪ್ಲಸ್ ತುದಿಯಿಂದ, ಬ್ಯಾಟರಿಯ ಕಡೆಗೆ ಹೋಗುವ ಚಾರ್ಜಿಂಗ್ ತಂತಿ ಅದು. ನಡುವೆ ಸ್ವಿಚ್ ಇಲ್ಲ. 1960–70ರ ದಶಕದ ಎಷ್ಟೋ ವಾಹನಗಳಲ್ಲಿ ಫ್ಯೂಸ್ ಕೂಡ ಇಲ್ಲ. ಇದ್ದರೆ ಒಂದು ಫ್ಯೂಸಿಬಲ್ ಲಿಂಕ್ (ಪ್ರವಾಹ ಅತಿಯಾದಾಗ ತಾನೇ ಕರಗಿ ದಾರಿ ಕಡಿಯುವ ತೆಳು ತಂತಿಯ ತುಂಡು), ಅದೂ ಹಿಂದಿನ ಮಾಲೀಕರ ಕೈಗೆ ಸಿಕ್ಕಿ ಮಾಮೂಲಿ ತಂತಿಯಾಗಿ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಈ ತಂತಿಯ ಹೊದಿಕೆ ಎಲ್ಲಾದರೂ ಸವೆದು ಒಳಗಿನ ತಾಮ್ರ ಎಂಜಿನ್ನಿಗೋ ಚಾಸಿಗೋ ತಗುಲಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅದೇ ದಾರಿ ಹಿಡಿಯುತ್ತದೆ. ಸುಸ್ಥಿತಿಯಲ್ಲಿರುವ 12 ವೋಲ್ಟ್ ಬ್ಯಾಟರಿಯ ಒಳ ಪ್ರತಿರೋಧ ಕೆಲವೇ ಮಿಲಿಓಮ್. ನೇರ ಶಾರ್ಟ್ ಆದಾಗ ಅದು ನೂರಾರು ಆಂಪಿಯರ್ ಹರಿಸಬಲ್ಲದು, ದೊಡ್ಡ ಬ್ಯಾಟರಿಯಾದರೆ ಸಾವಿರ ದಾಟಲೂಬಹುದು. ಹಳೆಯ ಚಾರ್ಜಿಂಗ್ ತಂತಿಯ ತಾಕತ್ತು ನಲವತ್ತೋ ಅರವತ್ತೋ ಆಂಪಿಯರ್.

ತಂತಿ ಸುಟ್ಟಿರುವುದನ್ನು ಕಂಡವರು ಮೊದಲು ಬೈಯುವುದು ಆಲ್ಟರ್ನೇಟರನ್ನು. ಆದರೆ ಅದು ತನ್ನ ರಚನೆಯಿಂದಲೇ ಕಟ್ಟುಪಾಡಿಗೆ ಒಳಪಟ್ಟ ಯಂತ್ರ. 60 ಆಂಪಿಯರಿನ ಆಲ್ಟರ್ನೇಟರಿನ ಬಾಯಿಗೆ ಶಾರ್ಟ್ ಕೊಟ್ಟರೂ ಅದು 60ಕ್ಕಿಂತ ಹೆಚ್ಚೇನೂ ಕೊಡಲಾರದು. ಒಳಗೆ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಸುರುಳಿಗಳೇ ಪ್ರವಾಹವನ್ನು ತಡೆದು ನಿಲ್ಲಿಸುತ್ತವೆ. ಅಷ್ಟು ಪ್ರವಾಹಕ್ಕೆಂದೇ ಹಾಕಿದ ತಂತಿ ಅದರಿಂದ ಸುಡುವುದಿಲ್ಲ. ಬ್ಯಾಟರಿಗೆ ಇಂಥ ಕಡಿವಾಣವಿಲ್ಲ. ಚಾರ್ಜಿಂಗ್ ತಂತಿಗೆ ಅಪಾಯ ಬರುವುದು ಬ್ಯಾಟರಿಯ ಕಡೆಯಿಂದ. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಬ್ಯಾಟರಿಯಿಂದ, ಫ್ಯೂಸ್ ಕೂರಬೇಕಾದದ್ದೂ ಬ್ಯಾಟರಿಯ ಬಳಿ. ಆಲ್ಟರ್ನೇಟರಿನ ಪಕ್ಕದಲ್ಲಿ ಚೆಂದದ ಫ್ಯೂಸ್ ಹೋಲ್ಡರ್ ಕೂರಿಸಿ, ಬ್ಯಾಟರಿಯವರೆಗಿನ ಎರಡು ಮೂರು ಮೀಟರ್ ತಂತಿಯನ್ನು ಬರಿಗೈಯಲ್ಲಿ ಬಿಟ್ಟಿರುವ ಕೆಲಸ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಫ್ಯೂಸ್ ಕಾಯುತ್ತಿರುವುದು ಒಂದು ಗೇಣು ತಂತಿಯನ್ನು ಮಾತ್ರ.

ಕೈ ಹಾಕುವ ಮೊದಲು

ಬ್ಯಾಟರಿಯಿಂದ ಚಾಸಿಗೆ ಸೇರುವ ಅರ್ಥಿಂಗ್ ಕೇಬಲ್ ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿ. ಪಾಸಿಟಿವ್ ಕಡೆಯ ನಟ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ಹುಡುಕುತ್ತಿರುವ ಶಾರ್ಟನ್ನು ನೀವೇ ಸೃಷ್ಟಿಸಿದಂತೆ. ಉಂಗುರ, ಲೋಹದ ಗಡಿಯಾರ ತೆಗೆದಿಡಿ.

ಈ ಬರಹ ನೆಗೆಟಿವ್ ಅರ್ಥಿಂಗ್ ಇರುವ 12 ವೋಲ್ಟ್ ಟ್ರಕ್ಕಿಗೆ ಹೊಂದುತ್ತದೆ. ಹಳೆಯ ಬ್ರಿಟಿಷ್ ಟ್ರಕ್ಕುಗಳಲ್ಲಿ ಕೆಲವು ಪಾಸಿಟಿವ್ ಅರ್ಥಿಂಗ್ ಇದ್ದವು; ಅವುಗಳಲ್ಲಿ ಚಾಸಿಗೆ ಸೇರಿರುವುದು ಪ್ಲಸ್ ಧ್ರುವ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದವರು ಧ್ರುವ ಬದಲಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. 24 ವೋಲ್ಟಿನ ಭಾರೀ ವಾಹನವಾದರೆ ಮುಂದೆ ಹೇಳುವ ಬಲ್ಬ್ ಕೂಡ 24 ವೋಲ್ಟಿನದೇ ಇರಲಿ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು, ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎಂದು ತೀರ್ಮಾನಿಸುವ ಹಳೆಯ ಚಾಳಿಯನ್ನು ಇಲ್ಲಿಗೇ ಬಿಡಿ. ಚಾರ್ಜ್ ಆಗುತ್ತಿರುವ ಬ್ಯಾಟರಿ ಒಮ್ಮೆಲೇ ತಪ್ಪಿಹೋದರೆ ವೋಲ್ಟೇಜ್ ಚಿಮ್ಮುತ್ತದೆ. ಒಳಗೆ ತಡೆ ಇಲ್ಲದ 12 ವೋಲ್ಟ್ ವ್ಯವಸ್ಥೆಯಲ್ಲಿ ಈ ಚಿಮ್ಮು 80ರಿಂದ 100 ವೋಲ್ಟಿನವರೆಗೂ ಹೋಗಬಲ್ಲದು. ಡೈನಮೊ ಕಾಲದಲ್ಲಿ ನಡೆದುಹೋಗುತ್ತಿದ್ದ ಈ ಪರೀಕ್ಷೆಯಲ್ಲಿ ಈಗ ಆಲ್ಟರ್ನೇಟರಿನ ಡಯೋಡುಗಳೂ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ವೋಲ್ಟೇಜ್ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಒಟ್ಟಿಗೆ ಹೋಗುತ್ತವೆ.

ಲಕ್ಷಣಗಳನ್ನು ಓದುವುದು

ಚಟ್ ಎಂಬ ಸದ್ದು, ಸ್ವಲ್ಪ ಹೊಗೆ, ಆಮೇಲೆ ಇಡೀ ವಾಹನದಲ್ಲಿ ವಿದ್ಯುತ್ತೇ ಇಲ್ಲ ಎಂದಾದರೆ ಮೊದಲು ಫ್ಯೂಸಿಬಲ್ ಲಿಂಕ್ ನೋಡಿ. ಸಾಮಾನ್ಯವಾಗಿ ಅದು ಸ್ಟಾರ್ಟರ್ ಸೊಲೆನಾಯ್ಡ್ (ಸ್ಟಾರ್ಟರ್ ಮೋಟಾರಿಗೆ ಪ್ರವಾಹ ಬಿಡುವ ಸ್ವಿಚ್) ಬಳಿ ಅಥವಾ ಬ್ಯಾಟರಿಯ ಪಕ್ಕದ ಜಂಕ್ಷನ್ನಿನಲ್ಲಿ ಇರುತ್ತದೆ. ಹೊದಿಕೆ ಗುಳ್ಳೆ ಎದ್ದಿದ್ದರೆ ಅನುಮಾನವೇ ಬೇಡ. ಆದರೆ ಹೊರಗೆ ನೋಡಲು ಚೆನ್ನಾಗಿದ್ದು ಒಳಗೆ ಕರಗಿಹೋಗಿರುವ ಲಿಂಕುಗಳೂ ಇವೆ, ಏಕೆಂದರೆ ಅದರ ಹೊದಿಕೆಯನ್ನು ಮಾಡಿರುವುದೇ ಬೆಂಕಿ ಹಿಡಿಯದೆ ಒಳಗಿನ ಅನಾಹುತವನ್ನು ಒಳಗೇ ಇಟ್ಟುಕೊಳ್ಳಲಿ ಎಂದು. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರವಿಲ್ಲ.

ಜಂಪ್ ಸ್ಟಾರ್ಟ್ ಮಾಡಿದ ಮರುಕ್ಷಣ ಲಿಂಕ್ ಹೋಗಿದ್ದರೆ ಕೇಬಲ್ ತಿರುವುಮುರುವಾಗಿತ್ತೇ ಎಂದು ಕೇಳಿ. ಯಾರೂ ತಾವಾಗಿ ಹೇಳುವುದಿಲ್ಲ. ಧ್ರುವ ಅದಲುಬದಲಾದಾಗ ಆಲ್ಟರ್ನೇಟರಿನ ಎಲ್ಲ ಡಯೋಡುಗಳೂ ಬಾಗಿಲು ತೆರೆದುಕೊಂಡು ನೇರ ಶಾರ್ಟಿನ ದಾರಿಯಾಗುತ್ತವೆ. ಇಲ್ಲಿ ತಂತಿಯಲ್ಲಿ ತಪ್ಪು ಹುಡುಕುವ ಮೊದಲು ಡಯೋಡುಗಳನ್ನು ಪರೀಕ್ಷಿಸಿ.

ಡ್ಯಾಶಿನಲ್ಲಿ ಪ್ರವಾಹ ಅಳೆಯುವ ನಿಜವಾದ ಆಮ್‌ಮೀಟರ್ ಇದ್ದರೆ ಅದು ಒಳ್ಳೆಯ ಸಾಕ್ಷಿ. ಹಳೆಯ ಡಾಜ್ ಟ್ರಕ್ಕುಗಳಂಥ ವ್ಯವಸ್ಥೆಯಲ್ಲಿ ಚಾರ್ಜಿಂಗಿನ ಪೂರ್ತಿ ಪ್ರವಾಹ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಕನೆಕ್ಟರ್ ದಾಟಿ, ಕ್ಯಾಬಿನ್ನಿನೊಳಗಿನ ಆಮ್‌ಮೀಟರ್ ಮೂಲಕ ಹಾದು, ಮತ್ತೆ ಹೊರಗೆ ಬರುತ್ತದೆ. ಮೀಟರಿನ ಒಂದು ಬದಿಗೆ ಬ್ಯಾಟರಿ. ಇನ್ನೊಂದು ಬದಿಗೆ ಆಲ್ಟರ್ನೇಟರ್, ದೀಪ, ಇಗ್ನಿಷನ್ ಎಲ್ಲವೂ. ಶಾರ್ಟ್ ಆಲ್ಟರ್ನೇಟರ್ ಬದಿಯಲ್ಲಿ ಆದರೆ ಬ್ಯಾಟರಿಯ ಪ್ರವಾಹ ಮೀಟರ್ ದಾಟಿಯೇ ಹೋಗಬೇಕು, ಮುಳ್ಳು ಡಿಸ್ಚಾರ್ಜ್ ಕಡೆಗೆ ಬಡಿದು ನಿಲ್ಲುತ್ತದೆ. ಶಾರ್ಟ್ ಬ್ಯಾಟರಿಗೂ ಮೀಟರಿಗೂ ನಡುವೆ ಆದರೆ ಆಟವೇ ಬೇರೆ. ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರ್ ಕೂಡ ಮೀಟರಿನ ಮೂಲಕ ಆ ಶಾರ್ಟನ್ನೇ ಉಣಿಸಲು ಹೊರಡುವುದರಿಂದ ಮುಳ್ಳು ಚಾರ್ಜ್ ಕಡೆಗೆ ಜಿಗಿಯುತ್ತದೆ. ಚಾಲಕ ಬ್ಯಾಟರಿ ಚೆನ್ನಾಗಿ ತುಂಬುತ್ತಿದೆ ಎಂದುಕೊಳ್ಳುತ್ತಾನೆ. ಎಂಜಿನ್ ನಿಂತಿದ್ದರಂತೂ ಮುಳ್ಳು ಸೊನ್ನೆಯಲ್ಲಿ ಅಲುಗದೆ ನಿಂತಿರುತ್ತದೆ, ಬಾನೆಟ್ಟಿನೊಳಗೆ ತಂತಿ ಹೊಗೆಯಾಡುತ್ತಿರುತ್ತದೆ. ಮುಳ್ಳು ಯಾವ ಕಡೆಗೆ ಹೋಯಿತು ಎಂದು ಚಾಲಕನನ್ನು ಕೇಳಿ ತಿಳಿದುಕೊಂಡರೆ ಅರ್ಧ ಹಾರ್ನೆಸ್ (ತಂತಿಗಳ ಕಟ್ಟು) ಹುಡುಕುವ ಕೆಲಸ ಉಳಿಯುತ್ತದೆ.

ಆಮ್‌ಮೀಟರ್ ಬದಲು ಚಾರ್ಜಿಂಗ್ ದೀಪ ಇರುವ ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ದೀಪ ಉರಿಯುತ್ತಿದೆಯೇ ನೋಡಿ. 1970ರ ದಶಕದ ಜನರಲ್ ಮೋಟಾರ್ಸ್ ವಾಹನಗಳ 10ಎಸ್ಐ ಆಲ್ಟರ್ನೇಟರಿನಲ್ಲಿ ಇದಕ್ಕೆ ಒಂದು ಸೊಗಸಾದ ಪರೀಕ್ಷೆಯಿದೆ. ಪಕ್ಕದಲ್ಲಿರುವ 1 ಮತ್ತು 2ನೇ ಟರ್ಮಿನಲ್ಲಿನ ಕನೆಕ್ಟರ್ ಕಳಚಿ. ದೀಪ ಆರಿದರೆ ಡಯೋಡುಗಳ ಗುಂಪಾದ ರೆಕ್ಟಿಫೈಯರಿನಲ್ಲಿ ದೋಷ. ಆರದಿದ್ದರೆ ಆ ಎರಡು ತಂತಿಗಳು ಹಾರ್ನೆಸ್ಸಿನೊಳಗೆ ಎಲ್ಲೋ ಒಂದಕ್ಕೊಂದು ತಗುಲಿವೆ. ಇನ್ನು ಕೀಲಿ ಹಾಕಿ ಎಂಜಿನ್ ಓಡಿಸಿದಾಗಲೂ ದೀಪ ಆರದೆ, ಆಲ್ಟರ್ನೇಟರಿನಿಂದ ದೀಪದ ತಂತಿ ಕಳಚಿದ ಮೇಲೂ ಉರಿಯುತ್ತಿದ್ದರೆ, ಆ ತಂತಿ ದಾರಿಯಲ್ಲಿ ಅರ್ಥಿಂಗಿಗೆ ತಗುಲಿದೆ.

ರಾತ್ರಿ ನಿಲ್ಲಿಸಿದ ವಾಹನದ ಬ್ಯಾಟರಿ ಬೆಳಿಗ್ಗೆ ಇಳಿದಿದ್ದು, ಎಂಜಿನ್ ತಣ್ಣಗಿದ್ದರೂ ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ.

ಬಲ್ಬ್ ಪರೀಕ್ಷೆ

ಫ್ಯೂಸ್ ಹೋಯಿತು, ಹೊಸದು ಹಾಕಿದೆ, ಅದೂ ಹೋಯಿತು, ಇನ್ನೂ ದೊಡ್ಡದು ಹಾಕಿದೆ ಎಂಬ ದಾರಿ ಬೆಂಕಿಗೆ ಹೋಗುತ್ತದೆ. ಫ್ಯೂಸ್ ಖರ್ಚು ಮಾಡದೆ, ತಂತಿ ಬಿಸಿಯಾಗದೆ, ಶಾರ್ಟ್ ಹಾಗೆಯೇ ಇರುವಂತೆಯೇ ಹುಡುಕಲು ಒಂದು 21 ವಾಟಿನ ಬ್ರೇಕ್ ದೀಪದ ಬಲ್ಬ್, ಅದರ ಹೋಲ್ಡರ್, ಎರಡು ತುಂಡು ತಂತಿ ಸಾಕು.

ಎಲ್ಲ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ಧ್ರುವಕ್ಕೂ ನಡುವೆ ಬಲ್ಬ್ ಜೋಡಿಸಿ. ಈಗ ಏನೇ ಶಾರ್ಟ್ ಇದ್ದರೂ ಹರಿಯುವ ಪ್ರವಾಹ ಬಲ್ಬಿನ ಮಿತಿಯನ್ನು ಮೀರುವುದಿಲ್ಲ. 21 ವಾಟ್ ಎಂದರೆ ಎರಡು ಆಂಪಿಯರಿಗೂ ಕಡಿಮೆ. ಬಲ್ಬ್ ಪೂರ್ಣ ಪ್ರಕಾಶದಲ್ಲಿ ಬೆಳಗಿದರೆ ನೇರ ಶಾರ್ಟ್ ಇದೆ. ಮಂಕಾಗಿ ಕೆಂಪಗೆ ಕಾಣಿಸಿದರೆ ಏನೋ ಒಂದು ಉಪಕರಣ ಪ್ರವಾಹ ಎಳೆಯುತ್ತಿದೆ: ಕ್ಯಾಬಿನ್ ದೀಪ, ಗಡಿಯಾರ, ಆಮೇಲೆ ಯಾರೋ ಹಾಕಿಸಿದ ರೇಡಿಯೊ. ಉರಿಯದಿದ್ದರೆ ನೇರ ಶಾರ್ಟ್ ಸದ್ಯಕ್ಕೆ ಇಲ್ಲ. ಆಗ ಬಲ್ಬಿನ ಜಾಗದಲ್ಲಿ ಮಲ್ಟಿಮೀಟರ್ ಇಟ್ಟು ಸಣ್ಣ ಸೋರಿಕೆ ನೋಡಬಹುದು. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ಟ್ರಕ್ಕಿನಲ್ಲಿ ಅದು ಕೆಲವೇ ಮಿಲಿಆಂಪಿಯರ್ ಇರಬೇಕು. ಕ್ರಮ ತಪ್ಪಿಸಬೇಡಿ. ಮೊದಲೇ ಮೀಟರ್ ಇಟ್ಟರೆ ಶಾರ್ಟ್ ಇದ್ದಾಗ ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ.

ಓಮ್ ಮೀಟರಿನಿಂದ ಹುಡುಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಅದು ಎರಡೂ ಕಡೆ ಸುಳ್ಳು ಹೇಳುತ್ತದೆ. ತಣ್ಣಗಿರುವ ಬಲ್ಬಿನ ತಂತು, ಇಗ್ನಿಷನ್ ಕಾಯಿಲ್ ಇವುಗಳ ಪ್ರತಿರೋಧ ಎಷ್ಟು ಕಡಿಮೆಯೆಂದರೆ ಮೀಟರ್ ಬೀಪ್ ಮಾಡಿ ಇಲ್ಲದ ಶಾರ್ಟನ್ನು ತೋರಿಸುತ್ತದೆ. ಗ್ರೀಸು, ತುಕ್ಕು ಮೆತ್ತಿದ ಜಾಗದಲ್ಲಿ ತಂತಿ ಆಗೊಮ್ಮೆ ಈಗೊಮ್ಮೆ ತಗುಲುತ್ತಿದ್ದರೆ ಮೀಟರಿನ ದುರ್ಬಲ ಪ್ರವಾಹ ಅದನ್ನು ದಾಟದೆ ಎಲ್ಲ ಸರಿಯಿದೆ ಎನ್ನುತ್ತದೆ. ಬಲ್ಬ್ ಒಂದು ಆಂಪಿಯರಿಗೂ ಹೆಚ್ಚು ಪ್ರವಾಹ ನೂಕುತ್ತದೆ, ಮೇಲಾಗಿ ಟ್ರಕ್ಕಿನಡಿ ಮಲಗಿದ್ದಾಗಲೂ ಕಣ್ಣಿಗೆ ಬೀಳುತ್ತದೆ.

ಬಲ್ಬ್ ಬೆಳಗುತ್ತಿದೆ ಎಂದಿಟ್ಟುಕೊಳ್ಳೋಣ. ಈಗ ಆಲ್ಟರ್ನೇಟರಿನ ಬಿ+ ಸ್ಟಡ್ಡಿನಿಂದ (ನಟ್ ಕೂರುವ ಬೋಲ್ಟ್) ತಂತಿ ಬಿಚ್ಚಿ, ಅದರ ತುದಿಯನ್ನು ಗಾಳಿಯಲ್ಲಿ ಹಿಡಿಯಿರಿ. ಬಲ್ಬ್ ಆರಿದರೆ ಆಲ್ಟರ್ನೇಟರಿನ ಒಳಗೇ ದೋಷ ಎಂದು ಹಾರಿ ತೀರ್ಮಾನಿಸಬೇಡಿ. ಬಿಚ್ಚುವಾಗ ತಂತಿಯ ತುದಿಯಲ್ಲಿರುವ ಲೋಹದ ಬಳೆ, ಅಂದರೆ ಲಗ್, ಕೂಡ ಜಾಗ ಬಿಟ್ಟಿದೆ. ಅದೇ ಲಗ್ ಆಲ್ಟರ್ನೇಟರಿನ ಮೈಗೆ ಒರಗಿ ಶಾರ್ಟ್ ಕೊಡುತ್ತಿದ್ದಿರಬಹುದು. ಆದ್ದರಿಂದ ಲಗ್ ಮೈಗೆ ತಾಗದಂತೆ ಹಿಡಿದು ಸ್ಟಡ್ಡಿನ ತುದಿಗೆ ಮಾತ್ರ ಮುಟ್ಟಿಸಿ ನೋಡಿ. ಬಲ್ಬ್ ಮತ್ತೆ ಬೆಳಗಿದರೆ ದೋಷ ಒಳಗಿನದು. ಬೆಳಗದಿದ್ದರೆ ಆಲ್ಟರ್ನೇಟರ್ ನಿರಪರಾಧಿ, ಲಗ್ ಕೂತ ರೀತಿ ತಪ್ಪು. ಹೊಸ ಆಲ್ಟರ್ನೇಟರ್ ಖರೀದಿಸುವ ಮೊದಲು ಈ ಅರ್ಧ ನಿಮಿಷ ಖರ್ಚು ಮಾಡಿ.

ಬಿ+ ತಂತಿ ಬಿಚ್ಚಿದ ಮೇಲೂ ಬಲ್ಬ್ ಉರಿಯುತ್ತಿದ್ದರೆ ಶಾರ್ಟ್ ತಂತಿಯಲ್ಲಿದೆ. ಆ ತುದಿಗೆ ಟೇಪ್ ಸುತ್ತಿ ಪಕ್ಕಕ್ಕಿಟ್ಟು, ಚಾರ್ಜಿಂಗ್ ತಂತಿ ಸೊಲೆನಾಯ್ಡ್ ಅಥವಾ ಜಂಕ್ಷನ್ ಸೇರುವ ಕಡೆ ಬಿಚ್ಚಿ. ಆರಿದರೆ ಆ ಎರಡು ಬಿಂದುಗಳ ನಡುವಿನ ತಂತಿಯಲ್ಲೇ ದೋಷ. ಆರದಿದ್ದರೆ ಫೈರ್‌ವಾಲ್ ಕನೆಕ್ಟರ್ ಎರಡು ಭಾಗ ಮಾಡಿ. ಎಂಜಿನ್ ಬದಿಯೋ ಕ್ಯಾಬಿನ್ ಬದಿಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೀಗೆ ಪ್ರತಿ ಸಲವೂ ಉಳಿದದ್ದನ್ನು ಅರ್ಧ ಮಾಡುತ್ತ ಹೋಗಿ. ಸಿಕ್ಕಸಿಕ್ಕಲ್ಲಿ ಟೇಪ್ ಬಿಚ್ಚಿದರೆ ಹಾರ್ನೆಸ್ ಹಾಳಾಗುವುದೇ ಹೊರತು ದೋಷ ಸಿಗುವುದಿಲ್ಲ.

ಕಾಡುವುದು ಓಡುವಾಗ ಮಾತ್ರ ಬಂದು ಹೋಗುವ ಶಾರ್ಟ್. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಆರಿಸಿದ ಕೂಡಲೇ ಬಲ್ಬ್ ಹಾಕಿ. ಬಿಸಿಗೆ ಮೆತ್ತಗಾದ ಹೊದಿಕೆ ತಣ್ಣಗಾದಾಗ ಕಾಣಿಸದ ದೋಷ ತೋರಿಸುತ್ತದೆ. ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬಲ್ಬಿನ ಮೇಲೆ ಕಣ್ಣಿಡಿ. ಆಮೇಲೆ ಎಂಜಿನ್ನನ್ನೇ ಒಂದು ಮರದ ಹಲಗೆಯಿಂದ ಮೀಟಿ ಎಡಬಲಕ್ಕೆ ಅಲುಗಿಸಿ. ಭಾರ ಎಳೆಯುವಾಗ ಎಂಜಿನ್ ತನ್ನ ಮೌಂಟಿಂಗ್ ರಬ್ಬರುಗಳ ಮೇಲೆ ಚೆನ್ನಾಗಿಯೇ ವಾಲುತ್ತದೆ; ಎಂಜಿನ್ನಿನಿಂದ ಚಾಸಿಗೆ ದಾಟುವ ತಂತಿ ಬಿಗಿಯಾಗಿದ್ದರೆ ಆಗಲೇ ಎಳೆದು ತಾಗುತ್ತದೆ. ನಿಂತ ಟ್ರಕ್ಕಿನಲ್ಲಿ ಸುಮ್ಮನೆ ನೋಡಿದರೆ ಅದು ಜನ್ಮದಲ್ಲಿ ಸಿಗುವುದಿಲ್ಲ.

ಸವೆಯುವ ಜಾಗಗಳು

ನಾನು ಮೊದಲು ನೋಡುವುದು ಬಿ+ ಸ್ಟಡ್ಡನ್ನು. ನಟ್ ಬಿಗಿ ಮಾಡುವಾಗ ಲಗ್ ನಟ್ಟಿನ ಜೊತೆಗೇ ತಿರುಗುತ್ತದೆ. ಕೊನೆಯ ಕಾಲು ಸುತ್ತಿನಲ್ಲಿ ಅದರ ಕುತ್ತಿಗೆ ಅಲ್ಯೂಮಿನಿಯಂ ಮೈಯ ಅಂಚಿಗೆ ಕೂದಲೆಳೆಯ ಅಂತರಕ್ಕೆ ಬಂದು ನಿಲ್ಲುತ್ತದೆ. ಆ ದಿನ ಏನೂ ಆಗುವುದಿಲ್ಲ. ಕಂಪನಕ್ಕೆ ನಟ್ ಒಂದಿಷ್ಟು ಸಡಿಲಾದ ಮೇಲೆ ಲಗ್ ಅಂಚಿಗೆ ಬಡಿಯತೊಡಗುತ್ತದೆ. ಅಲ್ಯೂಮಿನಿಯಂ ಮೇಲೆ ಸೂಜಿಮೊನೆಯಷ್ಟು ಕರಗಿದ ಗುಳಿಗಳು, ಸುತ್ತ ಕಪ್ಪು ಮಸಿ ಕಂಡರೆ ಅಪರಾಧಿ ಸಿಕ್ಕ ಹಾಗೆಯೇ. ನಟ್ ಬಿಗಿ ಮಾಡುವಾಗ ಲಗ್ಗನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಿ. ಸ್ಟಡ್ಡಿನ ಬುಡದ ನಿರೋಧಕ ವಾಷರ್ ಬಿರುಕು ಬಿಟ್ಟಿದೆಯೇ ನೋಡಿ. ರಬ್ಬರ್ ಟೋಪಿ ಇಲ್ಲದಿದ್ದರೆ ಹಾಕಿ. ಫ್ಯಾನ್ ಬೆಲ್ಟ್ ಬದಲಿಸುವವರ ಸ್ಪ್ಯಾನರ್ ಮೊದಲು ತಾಗುವುದು ಅಲ್ಲಿಗೇ.

ಬೆಲ್ಟಿನ ಮಾತು ಬಂತು. ಬೇರೆ ಉದ್ದದ ಬೆಲ್ಟ್ ಹಾಕಿದಾಗ, ಅಥವಾ ಹಳೆಯ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದಾಗ ಆಲ್ಟರ್ನೇಟರ್ ತನ್ನ ಬೋಲ್ಟಿನ ಮೇಲೆ ತಿರುಗಿ ದೂರ ಸರಿಯುತ್ತದೆ. ತಂತಿಗೆ ಸಡಿಲವಿಲ್ಲದಿದ್ದರೆ ಅದು ಬ್ರಾಕೆಟ್ಟಿನ ಚೂಪು ಅಂಚಿನ ಮೇಲೆ ವೀಣೆಯ ತಂತಿಯಂತೆ ಬಿಗಿದು ನಿಲ್ಲುತ್ತದೆ. ಹೊಂದಾಣಿಕೆಯ ಎರಡೂ ತುದಿಗಳಲ್ಲಿ ಆಲ್ಟರ್ನೇಟರ್ ಇಟ್ಟು ತಂತಿ ಸಾಲುತ್ತದೆಯೇ ಎಂದು ನೋಡಬೇಕು.

ಫೈರ್‌ವಾಲ್ ತೂತಿನ ರಬ್ಬರ್ ಗ್ರಾಮೆಟ್ ಕಲ್ಲಿನಂತೆ ಗಟ್ಟಿಯಾಗಿ ಒಡೆದಿರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಹಾದುಹೋದ ತಂತಿಯ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಲೋಹದ ಕ್ಲಿಪ್ಪಿನ ಒಳಗಿನ ರಬ್ಬರ್ ಉದುರಿಹೋಗಿ ಬರಿ ತಗಡು ತಂತಿಯನ್ನು ಕತ್ತರಿಸುತ್ತಿರುತ್ತದೆ. ತಂತಿಯನ್ನು ಕಾಯಬೇಕಾದ ಕ್ಲಿಪ್ಪೇ ಅದನ್ನು ಕೊಯ್ಯುವುದನ್ನು ನಾನು ಬೇರೆಲ್ಲದಕ್ಕಿಂತ ಹೆಚ್ಚು ಕಂಡಿದ್ದೇನೆ. ಬ್ಯಾಟರಿ ತಟ್ಟೆಯ ಕೆಳಗೂ ಒಮ್ಮೆ ಕೈ ಹಾಕಿ. ಆಮ್ಲ ಸೋರಿದ ಕಡೆ ಹೊದಿಕೆ ಉಳಿದಿರುವುದಿಲ್ಲ.

ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ನೋಡಿ. ಅದು ತುಂಡಾಗಿದ್ದರೆ ಸ್ಟಾರ್ಟರಿನ ಪ್ರವಾಹ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸಾಗುತ್ತದೆ. ಅವುಗಳ ಹೊರಕವಚ ಕಾದು, ಪಕ್ಕದಲ್ಲಿ ಒತ್ತಿಕೊಂಡಿರುವ ಚಾರ್ಜಿಂಗ್ ತಂತಿಯ ಹೊದಿಕೆ ಕರಗುತ್ತದೆ. ಸುಟ್ಟಿದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ.

ಆಲ್ಟರ್ನೇಟರಿನ ಒಳಗೆ

ದೋಷ ಒಳಗಿನದೆಂದು ಖಚಿತವಾದರೆ, ತಂತಿಗಳನ್ನೆಲ್ಲ ಬಿಚ್ಚಿ ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಬಿ+ಗೂ ಮೈಗೂ ನಡುವೆ ಅಳೆಯಿರಿ. ಕೆಂಪು ಕಡ್ಡಿ ಮೈಗೆ, ಕಪ್ಪು ಬಿ+ಗೆ ಇಟ್ಟಾಗ ಎರಡು ಡಯೋಡು ಸಾಲಾಗಿ ಬರುವುದರಿಂದ ಸಾಮಾನ್ಯವಾಗಿ ಒಂದು ವೋಲ್ಟಿನ ಆಸುಪಾಸು ತೋರಿಸಬೇಕು, ತಿರುವಿದಾಗ ದಾರಿಯೇ ಇರಬಾರದು. ಎರಡೂ ಕಡೆ ಸೊನ್ನೆಗೆ ಹತ್ತಿರ ಬಂದರೆ ಒಂದೇ ಜೋಡಿಯ ಎರಡೂ ಡಯೋಡು ಕೂಡಿಹೋಗಿವೆ ಅಥವಾ ಬಿ+ ಸ್ಟಡ್ಡಿನ ನಿರೋಧಕ ಹೋಗಿದೆ. ಎಂಜಿನ್ ಓಡುವಾಗ ಬಿ+ನಲ್ಲಿ ಎಸಿ ವೋಲ್ಟ್ ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೂ ಡಯೋಡಿನ ಮೇಲೆ ಅನುಮಾನ ಪಡಬಹುದು.

ಫ್ಯೂಸ್ ಎಲ್ಲಿ, ಎಷ್ಟು

ಬ್ಯಾಟರಿಯ ಪ್ಲಸ್ ಧ್ರುವದಿಂದ, ಅಥವಾ ಚಾರ್ಜಿಂಗ್ ತಂತಿ ಸೇರುವ ಸೊಲೆನಾಯ್ಡ್ ಸ್ಟಡ್ಡಿನಿಂದ, ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಅದಕ್ಕೂ ಮುಂಚಿನ ತುಂಡಿಗೆ ರಕ್ಷಣೆಯೇ ಇಲ್ಲವೆಂದು ತಿಳಿದು ಆ ತುಂಡನ್ನು ಆದಷ್ಟು ಗಿಡ್ಡ ಮಾಡಿ, ಹೆಚ್ಚುವರಿ ಕೊಳವೆ ಹಾಕಿ.

ಅಳತೆಗೆ ಎರಡು ಗಡಿ. ಫ್ಯೂಸ್ ಆಲ್ಟರ್ನೇಟರಿನ ಗರಿಷ್ಠ ಪ್ರವಾಹಕ್ಕಿಂತ ಕಾಲು ಭಾಗದಷ್ಟು ದೊಡ್ಡದಿರಬೇಕು, ತಂತಿ ತಡೆದುಕೊಳ್ಳುವುದಕ್ಕಿಂತ ಚಿಕ್ಕದಿರಬೇಕು. 63 ಆಂಪಿಯರ್ ಆಲ್ಟರ್ನೇಟರಿಗೆ 80 ಆಂಪಿಯರ್ ಫ್ಯೂಸ್, ಅದಕ್ಕೆ 6 ಗೇಜ್ ತಂತಿ, ಅಂದರೆ ಸುಮಾರು 13 ಚದರ ಮಿಲಿಮೀಟರ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು). 100 ಆಂಪಿಯರಿಗೆ 125ರ ಫ್ಯೂಸ್, 4 ಗೇಜ್ ಅಂದರೆ ಸುಮಾರು 21 ಚದರ ಮಿಲಿಮೀಟರ್. ಸುರಕ್ಷತೆಗೆಂದು ಚಿಕ್ಕ ಫ್ಯೂಸ್ ಹಾಕುವುದು ಜಾಣತನವಲ್ಲ. ಇಳಿದ ಬ್ಯಾಟರಿಯನ್ನು ತುಂಬುವಾಗ ಆಲ್ಟರ್ನೇಟರ್ ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ. ಆಗ ಫ್ಯೂಸ್ ಹಾರಿದರೆ ಮೇಲೆ ಹೇಳಿದ ವೋಲ್ಟೇಜ್ ಚಿಮ್ಮು ನಿಮ್ಮ ಡಯೋಡುಗಳ ಮೇಲೆಯೇ ಬೀಳುತ್ತದೆ.

ಮೆಗಾ, ಮಿಡಿ, ಎಎನ್ಎಲ್ ಮಾದರಿಯ ಬೋಲ್ಟ್ ಹಾಕುವ ಫ್ಯೂಸುಗಳು ಈ ಕೆಲಸಕ್ಕೆ ಸರಿ. ಹೋಲ್ಡರಿನಲ್ಲಿ ಜುಗ್ಗತನ ಮಾಡಬೇಡಿ: ಸಡಿಲ ಹಿಡಿತದ ಅಗ್ಗದ ಹೋಲ್ಡರಿನಲ್ಲಿ ಫ್ಯೂಸ್ ಗಟ್ಟಿಯಾಗಿ ಉಳಿದು ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ತಾನಾಗಿ ಮರುಜೋಡಣೆಯಾಗುವ ಸರ್ಕ್ಯೂಟ್ ಬ್ರೇಕರ್ ಇಲ್ಲಿ ಬೇಡವೇ ಬೇಡ. ಅದು ಶಾರ್ಟಿಗೆ ಬಿಟ್ಟು, ತಣ್ಣಗಾಗಿ, ಮತ್ತೆ ಜೋಡಿಸಿ, ಮತ್ತೆ ಕಿಡಿ ಹಾರಿಸುತ್ತಲೇ ಇರುತ್ತದೆ.

ಮೂಲ ರೂಪ ಉಳಿಸಿಕೊಳ್ಳಲು ಬಯಸುವವರಿಗೆ ಫ್ಯೂಸಿಬಲ್ ಲಿಂಕ್ ಈಗಲೂ ಗೌರವದ ಆಯ್ಕೆ. ರೂಢಿಯ ನಿಯಮ: ಕಾಯಬೇಕಾದ ತಂತಿಗಿಂತ ನಾಲ್ಕು ಗೇಜ್ ತೆಳುವಾದದ್ದು. 10 ಗೇಜ್ ತಂತಿಗೆ 14 ಗೇಜ್ ಲಿಂಕ್, ಉದ್ದ ಒಂದು ಗೇಣು ದಾಟದಂತೆ. ಅದಕ್ಕೆಂದೇ ತಯಾರಿಸಿದ ತಂತಿಯನ್ನೇ ಬಳಸಿ; ಮಾಮೂಲಿ ಪಿವಿಸಿ ತಂತಿಯ ತುಂಡು ಕರಗುವಾಗ ಉರಿಯುತ್ತದೆ. ಲಿಂಕನ್ನು ಹಾರ್ನೆಸ್ಸಿನ ಜೊತೆ ಸೇರಿಸಿ ಟೇಪ್ ಸುತ್ತಬಾರದು, ಅದು ಸುಡಬೇಕಾದಾಗ ಒಂಟಿಯಾಗಿ ಸುಡಲಿ.

ಇನ್ನೊಂದು ಬಲೆ ಹೊಸ ದೊಡ್ಡ ಆಲ್ಟರ್ನೇಟರ್ ಹಾಕಿದವರದು. 37 ಆಂಪಿಯರಿನ ಜಾಗಕ್ಕೆ 100 ಆಂಪಿಯರಿನದು ಬಂತು, ಬ್ಯಾಟರಿಗೆ ನೇರವಾಗಿ ದಪ್ಪ ತಂತಿ ಎಳೆದು ಫ್ಯೂಸ್ ಹಾಕಿದ್ದೂ ಆಯಿತು. ಆದರೆ ಆಮ್‌ಮೀಟರಿನ ಮೂಲಕ ಹೋಗುವ ಹಳೆಯ 10 ಗೇಜ್ ತಂತಿ ಅದೇ ಸ್ಟಡ್ಡಿನಲ್ಲಿ ಉಳಿದಿದೆ. ಹೊಸ ತಂತಿಯ ಫ್ಯೂಸ್ ಹೋದ ದಿನ ಅಷ್ಟೂ ಪ್ರವಾಹ ಹಳೆಯ ತಂತಿ ಹಿಡಿದು ಕ್ಯಾಬಿನ್ನಿನೊಳಗೆ ನುಗ್ಗುತ್ತದೆ. ಆಲ್ಟರ್ನೇಟರ್ ತಾನೇ ತಂತಿ ಸುಡುವ ಸಂದರ್ಭವಿದ್ದರೆ ಇದೇ, ಏಕೆಂದರೆ ತಂತಿ ಅದಕ್ಕೆ ತಕ್ಕದ್ದಲ್ಲ. ಸ್ಟಡ್ಡಿನ ಬಳಿ ಶಾರ್ಟ್ ಆದರೂ ಎರಡು ದಾರಿಗಳಿಂದ ಪ್ರವಾಹ ಬರುತ್ತದೆ. ಒಂದನ್ನು ಮಾತ್ರ ಕಾಯ್ದು ಪ್ರಯೋಜನವಿಲ್ಲ. ಹಳೆಯ ತಂತಿಯನ್ನು ಆಲ್ಟರ್ನೇಟರಿನಿಂದ ಕಳಚಿ, ಕ್ಯಾಬಿನ್ನಿಗೆ ಬ್ಯಾಟರಿಯ ಕಡೆಯಿಂದ ಪ್ರತ್ಯೇಕ ಫ್ಯೂಸಿನ ದಾರಿ ಕೊಡಿ. ಆಗ ಆಮ್‌ಮೀಟರ್ ಡಿಸ್ಚಾರ್ಜನ್ನು ಮಾತ್ರ ತೋರಿಸುವುದರಿಂದ ಅದರ ಜಾಗಕ್ಕೆ ವೋಲ್ಟ್ ಮೀಟರ್ ಹಾಕುವುದೇ ಲೇಸು.

ಫ್ಯೂಸ್ ಹಾಕಿದೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ತಂತಿ ಮೆಲ್ಲಗೆ ತಾಗಿ ಕಿಡಿ ಹಾರಿಸುತ್ತ ನಲವತ್ತು ಆಂಪಿಯರ್ ಸೋರಿಸಿದರೆ 80ರ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಎಣ್ಣೆ ಮೆತ್ತಿದ ಎಂಜಿನ್ನಿಗೆ ಅಷ್ಟು ಕಿಡಿ ಧಾರಾಳವಾಗಿ ಸಾಕು.

ತಂತಿ ಎಳೆಯುವಾಗ

ಹೊದಿಕೆ 125 ಡಿಗ್ರಿ ಸೆಲ್ಸಿಯಸ್ ತಾಳುವ ಕ್ರಾಸ್‌ಲಿಂಕ್ಡ್ ಮಾದರಿಯದಿರಲಿ. ವಾಹನಗಳ ಸಾಮಾನ್ಯ ಪಿವಿಸಿ ತಂತಿ 80 ಡಿಗ್ರಿಯದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವೆಂದು ತರಬೇಡಿ. ಲಗ್ಗನ್ನು ಸರಿಯಾದ ಉಪಕರಣದಿಂದ ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹೀರಿಕೊಂಡು ತಂತಿ ಒಂದು ಬಿಂದುವಿನಲ್ಲಿ ಕಡ್ಡಿಯಾಗುತ್ತದೆ, ಕಂಪನಕ್ಕೆ ಅಲ್ಲೇ ಮುರಿಯುತ್ತದೆ.

ಎಕ್ಸಾಸ್ಟಿನಿಂದ ದೂರ, ಚಲಿಸುವ ಭಾಗಗಳಿಂದ ದೂರ, ಪೆಟ್ರೋಲ್ ಕೊಳವೆಯ ಜೊತೆ ಒಂದೇ ಕ್ಲಿಪ್ಪಿನಲ್ಲಿ ಎಂದೂ ಅಲ್ಲ. ರಬ್ಬರ್ ಇರುವ ಕ್ಲಿಪ್ಪುಗಳಿಂದ ಒಂದೊಂದು ಅಡಿಗೆ ಹಿಡಿಸಿ. ಎಂಜಿನ್ನಿನಿಂದ ಚಾಸಿಗೆ ದಾಟುವಲ್ಲಿ ಒಂದು ಸಡಿಲ ಸುತ್ತು ಬಿಡಿ.

ಮತ್ತೆ ಜೋಡಿಸಿದ ಮೇಲೆ

ಕೇಬಲ್ ನೇರವಾಗಿ ಹಾಕಬೇಡಿ. ಮೊದಲು ಅದೇ 21 ವಾಟಿನ ಬಲ್ಬಿನ ಮೂಲಕ ಜೋಡಿಸಿ. ಆರಿದ್ದರೆ ಆಮೇಲೆ ಕೇಬಲ್. ಎಂಜಿನ್ ಓಡಿಸಿ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ನೋಡಿ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಚ್ಚಿ ಮೀಟರಿನ ಒಂದು ಕಡ್ಡಿ ಬಿ+ ಸ್ಟಡ್ಡಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಇಡಿ: 0.3 ವೋಲ್ಟಿನೊಳಗೆ ಇರಬೇಕು. ಮೂರು ಮೀಟರಿನ 10 ಗೇಜ್ ತಂತಿಯಲ್ಲಿ 60 ಆಂಪಿಯರ್ ಹರಿದರೆ ಸುಮಾರು 0.6 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, 6 ಗೇಜಿನಲ್ಲಿ ಅದರ ಅರ್ಧಕ್ಕೂ ಕಡಿಮೆ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ 0.2 ಮೀರಬಾರದು.

ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಫ್ಯೂಸ್ ಹೋಲ್ಡರ್, ಲಗ್ಗುಗಳು, ಫೈರ್‌ವಾಲ್ ಕನೆಕ್ಟರ್ ಇವನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ತಂತಿ ತಣ್ಣಗಿದ್ದು ಜೋಡಣೆ ಮಾತ್ರ ಬಿಸಿಯಾಗಿದ್ದರೆ ಕ್ರಿಂಪ್ ಅಥವಾ ನಟ್ ಸರಿಯಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಬ್ಯಾಟರಿಯ ಅರ್ಥಿಂಗ್ ಬಿಚ್ಚಿ ಬಿ+ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿ, ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ.